ದೆವ್ವ ಆಡುವ ಭಾಷೆ

ಮೈಮೇಲೆ ದೆವ್ವ ಬಂದಿದೆಯೆಂದು ತಿಳಿಯುವುದು ಹೇಗೆ? ರೋಮಿನ ಚರ್ಚು 1614ರಲ್ಲಿ ಹೊರತಂದ ವಿಧಿಗ್ರಂಥ ಮುಖ್ಯವಾಗಿ ಮೂರು ಗುರುತು ಹೇಳುತ್ತದೆ: ಅರಿಯದ ಭಾಷೆಯನ್ನಾಡುವುದು, ಮರೆಯ ಸಂಗತಿಗಳನ್ನು ನುಡಿಯುವುದು, ಮೈಯಳವಿಗೆ ಮೀರಿದ ಬಲ. ಯುರೋಪಿನ ಹಳೆಯ ಭೂತಚಿತ್ರಗಳನ್ನು ನೋಡಿದವರಿಗೆ ಈ ಪಟ್ಟಿ ಹೊಸದೇನಲ್ಲ. ಅವುಗಳಲ್ಲಿ ನಮಗೆ ಮೆಚ್ಚಿಗೆಯಾದದ್ದು ಕವಲೆರೊವಿಚ್ ಅವರ 1961ರ ಪೋಲಿಷ್ ಚಿತ್ರ 'ಮದರ್ ಜೋನ್ ಆಫ್ ದಿ ಏಂಜೆಲ್ಸ್'. ಅಲ್ಲಿ ಸನ್ಯಾಸಿನಿಯ ದೆವ್ವ ಬಿಡಿಸಲು ಬಂದ ಪಾದ್ರಿ ಅದನ್ನು ತನ್ನ ಮೇಲೆಯೇ ಎಳೆದುಕೊಳ್ಳುತ್ತಾನೆ.

ಕನ್ನಡದಲ್ಲಿ ಇದೇ ಪಟ್ಟಿ ನೆನಪಾಗುವುದು ಪಿ. ವಾಸು ನಿರ್ದೇಶಿಸಿದ 'ಆಪ್ತಮಿತ್ರ'ದಲ್ಲಿ. 2004ರ ಈ ಚಿತ್ರ 1993ರ ಮಲಯಾಳಂ 'ಮಣಿಚಿತ್ರತ್ತಾಳ್' ಚಿತ್ರದ ಕನ್ನಡ ರೂಪ. ಗಂಡನೊಡನೆ ಹಳೆಯ ಅರಮನೆಗೆ ಬಂದ ಗಂಗೆ ಒಂದೇ ಕೈಯಲ್ಲಿ ಮಂಚ ಎತ್ತುತ್ತಾಳೆ. ನಾಗವಲ್ಲಿಯಾಗಿ ತೆಲುಗು ಮಾತಾಡುತ್ತಾಳೆ. ಮೂಲದ ನಾಗವಲ್ಲಿಯದು ತಮಿಳು; ಕನ್ನಡಕ್ಕೆ ಬರುವಾಗ ಆಕೆ ಆಂಧ್ರದ ನರ್ತಕಿಯಾದಳು. ದೆವ್ವ ಯಾವಾಗಲೂ ಪಕ್ಕದ ಮನೆಯ ಭಾಷೆಯನ್ನೇ ಆಡಬೇಕೆಂದು ಕಾಣುತ್ತದೆ!

ಬೆಂಗಳೂರಿನ ಪ್ರೇಕ್ಷಕರನ್ನು ಆ ಭಾಷೆ ಬೆಚ್ಚಿಬೀಳಿಸಿದ್ದರೆ ಸಹಜವೇ. ಆದರೆ ಹೈದರಾಬಾದಿನಲ್ಲಿರುವ ನಾವೇನು ಮಾಡೋಣ? ತರಕಾರಿಯವಳೊಡನೆ ಚೌಕಾಶಿ ತೆಲುಗಿನಲ್ಲಿ. ಮಕ್ಕಳ ಜಗಳ ತೆಲುಗಿನಲ್ಲಿ. ಊರಿನಿಂದ ಬಂದ ಅಜ್ಜಿ ಒಳಕೋಣೆಯಿಂದ ಕೇಳಿ, ಯಾರ ಮಗು ಇದು ಎನ್ನುತ್ತಾರೆ. ಮನೆಯೊಳಗೆ ಬೇರೆ ಭಾಷೆ ಬಂದು ಕೂತರೆ ಹೆದರಬೇಕೆನ್ನುವುದು ನಮಗೆ ಒಪ್ಪುವ ಮಾತಲ್ಲ. ಈ ಒಂದು ಕಡೆ ಚಿತ್ರ ಸುಲಭದ ದಾರಿ ಹಿಡಿದಿದೆ ಎನ್ನದೆ ವಿಧಿಯಿಲ್ಲ.

ಆದರೂ ಆ ದೃಶ್ಯ ನಮ್ಮನ್ನು ಬಿಡುವುದಿಲ್ಲ. ಕಾರಣ ಸೌಂದರ್ಯ. ಆಕೆ ಮುಳಬಾಗಿಲು ಕಡೆಯ ಕನ್ನಡತಿ. ಹೆಸರು ಮಾಡಿದ್ದು ಹೆಚ್ಚಾಗಿ ತೆಲುಗು ಚಿತ್ರಗಳಲ್ಲಿ. ಎರಡು ಭಾಷೆಗಳ ನಡುವೆ ಬಾಳಿದ ನಟಿಗೆ ಎರಡು ಭಾಷೆಗಳ ಈ ಪಾತ್ರ ಸಿಕ್ಕಿತು. ಗಂಗೆ ನಾಗವಲ್ಲಿಯಾಗುವ ಗಳಿಗೆಯಲ್ಲಿ ಮೊದಲು ಬದಲಾಗುವುದು ಕಣ್ಣು, ಆಮೇಲೆ ಕತ್ತಿನ ನಿಲುವು, ಮಾತು ಕಡೆಗೆ. ಆ ಮಾತು ಅರ್ಥವಾಗುವುದರಿಂದಲೇ ನಮಗೆ ಭಯಕ್ಕಿಂತ ಕನಿಕರ ಹೆಚ್ಚಾಯಿತು. ಪ್ರಿಯನನ್ನು ಕಳೆದುಕೊಂಡವಳ ಅಳಲು ಅದು, ಅದರಲ್ಲಿ ದೆವ್ವದ್ದೇನಿದೆ?

ವಿಷ್ಣುವರ್ಧನ್ ಅವರ ಮನೋವೈದ್ಯ ಇದನ್ನು ಕಾಯಿಲೆಯೆಂದೇ ನೋಡುತ್ತಾನೆ. ಆದರೂ ನಾಗವಲ್ಲಿಯನ್ನು ಹೊಡೆದೋಡಿಸುವುದಿಲ್ಲ, ಬೊಂಬೆಯ ಮೇಲೆ ಸೇಡು ತೀರಿಸಿಕೊಳ್ಳಗೊಡುತ್ತಾನೆ. ಪೋಲೆಂಡಿನ ಪಾದ್ರಿಗೆ ತಿಳಿಯದೇಹೋದ ಉಪಾಯ. ನಡುವೆ ಬರುವ ಹಾಸ್ಯ ಮಾತ್ರ ತೀರ ಉದ್ದ.

ಚಿತ್ರ 2004ರ ಆಗಸ್ಟಿನಲ್ಲಿ ತೆರೆಕಂಡಿತು. ಏಪ್ರಿಲ್ 17ರಂದೇ ಸೌಂದರ್ಯ ವಿಮಾನ ದುರಂತದಲ್ಲಿ ತೀರಿಕೊಂಡಿದ್ದರು. ಕಡೆಯಲ್ಲಿ ಗಂಗೆ ಗುಣಹೊಂದಿ ಕನ್ನಡಕ್ಕೆ ಮರಳಿದಾಗ, ನಮ್ಮ ಸಾಲಿನಲ್ಲಿ ಕೂತವರು ಯಾರೂ ತಕ್ಷಣ ಏಳಲಿಲ್ಲ.