ಟಾಪಿನ ಮೇಲಿನ ಬಿಳಿ ಪಟ್ಟಿ

ಕೊಯಮತ್ತೂರಿನ ಆರ್.ಎಸ್. ಪುರಂ ಬಿಟ್ಟು ಮೆಟ್ಟುಪಾಳ್ಯಂ ರಸ್ತೆ ಹಿಡಿದರೆ ಊಟಿಗೆ ನೂರು ಕಿಲೋಮೀಟರ್ ಕೂಡ ಇಲ್ಲ. ಅಷ್ಟರಲ್ಲೇ ವಾಹನ ಸುಮಾರು 410 ಮೀಟರ್ ಎತ್ತರದಿಂದ 2,240 ಮೀಟರಿಗೆ ಏರಿರುತ್ತದೆ. ಮಧ್ಯಾಹ್ನ ಕೈ ಇಟ್ಟರೆ ಸುಡುತ್ತಿದ್ದ ಟಾಪು ರಾತ್ರಿ ಮಂಜಿನಲ್ಲಿ ನೆನೆದು ತಣ್ಣಗೆ ಕೊರೆಯುತ್ತದೆ. ಕ್ಯಾರವಾನಿನ ಟಾಪು ಸೋರದಂತೆ ಮಾಡಿದ್ದೇವೆ ಎಂದು ವರ್ಕ್‌ಶಾಪಿನವರು ಹೇಳುವ ಮಾತಿಗೆ ಇದಕ್ಕಿಂತ ಕಠಿಣ ಪರೀಕ್ಷೆ ದಕ್ಷಿಣ ಭಾರತದಲ್ಲಿ ಸುಲಭಕ್ಕೆ ಸಿಗದು. ಆ ಪರೀಕ್ಷೆಯಲ್ಲಿ ಈಗಿನ ರೂಢಿಯ ಕೆಲಸ ಹೆಚ್ಚಾಗಿ ನಪಾಸಾಗುತ್ತದೆ.

ಕ್ಯಾರವಾನುಗಳಲ್ಲಿ, ಕಾರಿನ ಹಿಂದೆ ಕಟ್ಟಿಕೊಂಡು ಎಳೆದೊಯ್ಯುವ ಟ್ರೇಲರ್ ನಮ್ಮಲ್ಲಿ ಇನ್ನೂ ಅಪರೂಪ. ಟೆಂಪೊ ಟ್ರಾವೆಲರನ್ನೋ ಮಿನಿ ಬಸ್ಸನ್ನೋ ಕೊಂಡು, ಒಳಗೆ ಮಂಚ, ಒಲೆ, ಸಿಂಕು ಕೂರಿಸಿ ಮಾಡಿಕೊಂಡ ಗಾಡಿಗಳೇ ಹೆಚ್ಚು. ಕೇರಳ ಸರ್ಕಾರ 2021ರ ಸೆಪ್ಟೆಂಬರಿನಲ್ಲಿ ಕ್ಯಾರವಾನ್ ಪ್ರವಾಸದ ‘ಕೇರವಾನ್ ಕೇರಳ’ ಯೋಜನೆ ಪ್ರಕಟಿಸಿದ ಮೇಲೆ, ಪಾಲಕ್ಕಾಡಿನ ಗಡಿಗೆ ಅಂಟಿಕೊಂಡ ಕೊಯಮತ್ತೂರಿನವರಿಗೂ ಇಂಥ ಗಾಡಿ ಹೊಸತಲ್ಲ. ಬಾಡಿ ಕಟ್ಟುವ ಕಸುಬಿಗಂತೂ ಇಲ್ಲಿ ಬರವಿಲ್ಲ. ಬಸ್ ಬಾಡಿಗೆ ಹೆಸರಾದ ಕರೂರು ಪಕ್ಕದಲ್ಲೇ ಇದೆ. ಕೊಯಮತ್ತೂರು ಹೇಳಿಕೇಳಿ ಪಂಪು, ಮೋಟಾರು, ಎರಕದ ಊರು.

ಹೀಗೆ ಮಾರ್ಪಾಡಾದ ಗಾಡಿ ಸೋರುವುದು ಎಲ್ಲಿ? ಕಾರ್ಖಾನೆಯಲ್ಲಿ ಒತ್ತಿ ತೆಗೆದ ಉಕ್ಕಿನ ಟಾಪು ತಾನಾಗಿ ಸೋರುವುದು ಕಡಿಮೆ. ಆಮೇಲೆ ಕೊರೆದ ತೂತುಗಳೇ ಮುಖ್ಯ ತಕರಾರು: ಎಸಿ ಕೂರಿಸಲು ಕತ್ತರಿಸಿದ ಚೌಕ, ಗಾಳಿಕಿಂಡಿ, ಸೋಲಾರ್ ಪ್ಯಾನೆಲಿನ ಬ್ರಾಕೆಟ್, ಬಿಸಿಲು ಮರೆಯ ಬೋಲ್ಟು, ವೈರು ಇಳಿಸಿದ ಸಂದು. ಬಸ್ಸಿನಂತೆ ಉಕ್ಕಿನ ಚೌಕಟ್ಟಿಗೆ ಅಲ್ಯೂಮಿನಿಯಂ ತಗಡು ಬಡಿದ ಬಾಡಿಯಾದರೆ ಇವುಗಳ ಜೊತೆಗೆ ನೂರಾರು ರಿವಿಟುಗಳೂ ಸೇರುತ್ತವೆ.

ರೂಢಿಯ ರಿಪೇರಿ ಹೀಗೆ ನಡೆಯುತ್ತದೆ. ಗಾಡಿ ಬರುತ್ತದೆ, ಹುಡುಗನೊಬ್ಬ ಏಣಿ ಹತ್ತುತ್ತಾನೆ. ಟಾಪಿನ ಧೂಳನ್ನು ಬಟ್ಟೆಯಿಂದ ಒರೆಸುತ್ತಾನೆ. ಗನ್ನಿಗೆ ಸಿಲಿಕಾನ್ ಟ್ಯೂಬು ಹಾಕಿ, ಕಂಡ ಕಂಡ ಜಾಯಿಂಟಿನ ಮೇಲೆಲ್ಲ ಬಿಳಿ ಪಟ್ಟಿ ಎಳೆದು, ಬೆರಳಿನಿಂದ ಸವರುತ್ತಾನೆ. ಅರ್ಧ ದಿನದಲ್ಲಿ ಕೆಲಸ ಮುಗಿಯುತ್ತದೆ. ಕೆಳಗಿನಿಂದ ನೋಡಿದರೆ ಅಚ್ಚುಕಟ್ಟಾಗಿಯೂ ಕಾಣುತ್ತದೆ. ಹಳೆಯ ಸೀಲೆಂಟ್ ಹಾಗೇ ಒಳಗಿದೆ, ಅದರ ಕೆಳಗಿನ ತುಕ್ಕೂ ಹಾಗೇ ಇದೆ.

ಈ ಕೆಲಸದ ದೋಷ ಲೆಕ್ಕಕ್ಕೆ ಸಿಗುತ್ತದೆ. ಐದು ಮೀಟರ್ ಉದ್ದದ ಅಲ್ಯೂಮಿನಿಯಂ ಟಾಪು ಬಿಸಿಲಲ್ಲಿ 60 ಡಿಗ್ರಿ ಮುಟ್ಟಿ, ಬೆಟ್ಟದ ರಾತ್ರಿಯಲ್ಲಿ 10 ಡಿಗ್ರಿಗೆ ಇಳಿದರೆ ಸುಮಾರು ಐದೂಮುಕ್ಕಾಲು ಮಿಲಿಮೀಟರ್ ಕುಗ್ಗುತ್ತದೆ. ಕೆಳಗಿನ ಉಕ್ಕಿನ ಚೌಕಟ್ಟು ಅಷ್ಟೇ ತಣ್ಣಗಾದರೂ ಕುಗ್ಗುವುದು ಮೂರು ಮಿಲಿಮೀಟರ್ ಮಾತ್ರ. ರಿವಿಟುಗಳು ಹಿಡಿದುಕೊಂಡಿರುವುದರಿಂದ ಈ ವ್ಯತ್ಯಾಸ ಒಂದೇ ಕಡೆ ಬಿರುಕಾಗಿ ಕಾಣದು, ಪ್ರತಿ ರಿವಿಟಿನ ಸುತ್ತಲೂ ಸಣ್ಣ ಎಳೆದಾಟವಾಗಿ ಹಂಚಿಹೋಗುತ್ತದೆ. ಇದರ ಮೇಲೆ ರಸ್ತೆಯ ತಿರುಚಾಟ ಬೇರೆ. ಕೊಯಮತ್ತೂರಿನಿಂದ ಚಾಮರಾಜನಗರ, ಮೈಸೂರಿನ ಕಡೆಗೆ ಹೋಗುವ ಕನ್ನಡ ಕುಟುಂಬಗಳಿಗೆ ಚಿರಪರಿಚಿತವಾದ ದಿಂಬಂ ಘಾಟಿಯಲ್ಲಿ 27 ಹೇರ್‌ಪಿನ್ ತಿರುವುಗಳಿವೆ, ಆಳಿಯಾರಿನಿಂದ ವಾಲ್ಪಾರೈಗೆ 40. ಒಂದೊಂದು ತಿರುವಿನಲ್ಲೂ ಬಾಡಿ ಒಂದಿಷ್ಟು ತಿರುಚಿ ಮತ್ತೆ ಸರಿಹೋಗುತ್ತದೆ. ಒರೆಸಿಯೂ ಉಳಿದ ಧೂಳಿನ ಮೇಲೆ ಹಚ್ಚಿದ ಸಿಲಿಕಾನ್ ಅಷ್ಟರಲ್ಲಿ ಅಂಚಿನಿಂದ ಬಿಟ್ಟುಕೊಂಡಿರುತ್ತದೆ. ಪಟ್ಟಿ ಮಾತ್ರ ಹರಿದಿರುವುದಿಲ್ಲ, ನೋಡಿದರೆ ಎಲ್ಲ ಸರಿಯಾಗಿಯೇ ಇದೆ ಅನಿಸುತ್ತದೆ.

ಸಿಲಿಕಾನನ್ನು ಪೂರ್ತಿ ಬೈಯುವುದು ನ್ಯಾಯವಲ್ಲ. ಬಿಸಿಲು ತಡೆಯುವುದರಲ್ಲಿ ಅದನ್ನು ಮೀರಿಸುವ ಸೀಲೆಂಟ್ ವಿರಳ, ಹಿಗ್ಗುವ ಗುಣವೂ ಇದೆ. ತೊಂದರೆ ಎರಡು. ವಿನೆಗರ್ ವಾಸನೆ ಬರುವ ಅಗ್ಗದ ಬಗೆ ಒಣಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ. ಅದು ಬಾತ್‌ರೂಮಿನ ಗಾಜಿಗೆ ಸರಿ, ಜಿಐ ತಗಡಿಗೂ ಅಲ್ಯೂಮಿನಿಯಮ್ಮಿಗೂ ಆಗದು. ಎರಡನೆಯದು ಇನ್ನೂ ದೊಡ್ಡದು. ಒಮ್ಮೆ ಸಿಲಿಕಾನ್ ಮೆತ್ತಿದ ಜಾಗಕ್ಕೆ ಪೇಂಟ್ ಹಿಡಿಯುವುದಿಲ್ಲ, ಬೇರೆ ಸೀಲೆಂಟೂ ಸರಿಯಾಗಿ ಅಂಟುವುದಿಲ್ಲ. ಇಂದಿನ ಅರ್ಧ ದಿನದ ಕೆಲಸ ಮುಂದಿನ ವರ್ಷದ ಒಳ್ಳೆಯ ಕೆಲಸಗಾರನ ಕೈಯನ್ನೂ ಕಟ್ಟಿಹಾಕುತ್ತದೆ. ಅವನು ಮೊದಲು ಕೆರೆಯಬೇಕು, ಉಜ್ಜಬೇಕು, ಸಾಲ್ವೆಂಟಿನಲ್ಲಿ ಒರೆಸಬೇಕು.

ಉಳಿದ ಸಾಮಾನುಗಳ ತೂಕವನ್ನೂ ನೋಡಬಹುದು. ಎಂ-ಸೀಲ್ ಪೈಪಿಗೆ ಹೇಳಿಮಾಡಿಸಿದ್ದು. ಕಲ್ಲಿನಂತೆ ಗಟ್ಟಿಯಾಗುವುದರಿಂದ ಅಲುಗಾಡುವ ಜಾಯಿಂಟಿನಲ್ಲಿ ಸೀಳು ಬಿಡುತ್ತದೆ. ಡಾಂಬರು ಶೀಟು ಬಯಲಿನ ಬಿಸಿಲಿಗೆ ಮೆತ್ತಗಾಗಿ, ಬೆಟ್ಟದ ಚಳಿಗೆ ಬಿರಿಯುತ್ತದೆ. ಮುಂಗಾಜು ಅಂಟಿಸಲು ಬಳಸುವ ಪಿಯು, ಅಂದರೆ ಪಾಲಿಯುರಿಥೇನ್ ಸೀಲೆಂಟ್, ತಗಡಿಗೆ ಪ್ರೈಮರ್ ಹಚ್ಚಿದ್ದರೆ ಬಿಡಿಸಲಾಗದಂತೆ ಹಿಡಿಯುತ್ತದೆ. ಬಿಸಿಲಿಗೆ ಪುಡಿಪುಡಿಯಾಗುವ ದೋಷವೇನೋ ಇದೆ, ಮೇಲೊಂದು ಕೋಟು ಪೇಂಟ್ ಬೇಕು. ಗಾಳಿಯ ತೇವ ಹೀರಿ ದಿನಕ್ಕೆ ಎರಡು ಮೂರು ಮಿಲಿಮೀಟರ್ ಆಳಕ್ಕಷ್ಟೇ ಇದು ಗಟ್ಟಿಯಾಗುವುದು. ಸಂಜೆ ಹಚ್ಚಿ ಬೆಳಿಗ್ಗೆ ಘಾಟಿ ಹತ್ತಿಸಿದರೆ ಪಿಯು ಕೂಡ ಸೋಲುತ್ತದೆ. ಬ್ಯುಟೈಲ್ ರಬ್ಬರಿನ ಟೇಪಿನ ಸ್ವಭಾವ ಬೇರೆ. ಅದು ಗಟ್ಟಿಯಾಗುವುದೇ ಇಲ್ಲ, ಅಂಟಂಟಾಗಿ ಉಳಿದು ತಗಡಿನ ಜೊತೆ ಸರಿದಾಡುತ್ತದೆ. ಆದರೆ ಬಾಳುವ ರಿಪೇರಿಗೆ ಇದನ್ನು ಮೇಲೆ ಹಚ್ಚುವಂತಿಲ್ಲ. ಗಾಳಿಕಿಂಡಿಯ ಚೌಕಟ್ಟನ್ನೋ ಬ್ರಾಕೆಟನ್ನೋ ಬಿಚ್ಚಿ, ಅಡಿಗೆ ಇಟ್ಟು, ಮತ್ತೆ ಸ್ಕ್ರೂ ಬಿಗಿಯಬೇಕು. ಬಿಚ್ಚುವ ಕೆಲಸ ಯಾರಿಗೆ ಬೇಕು?

ಅಮೆರಿಕದವರ ಸಲಹೆ ಓದಿ ಅಲ್ಲಿನ ಡಬ್ಬಗಳನ್ನು ತರಿಸಿಕೊಳ್ಳುವವರೂ ಇದ್ದಾರೆ. ಅಲ್ಲಿನ ಬಹುಪಾಲು ಟ್ರೇಲರುಗಳ ಮಾಡು ಪ್ಲೈವುಡ್ಡಿನ ಮೇಲೆ ಇಪಿಡಿಎಂ ರಬ್ಬರನ್ನೋ ಟಿಪಿಒ ಎಂಬ ಪ್ಲಾಸ್ಟಿಕ್ ಹಾಳೆಯನ್ನೋ ಅಂಟಿಸಿದ್ದು. ತಾನಾಗಿ ಹರಡಿಕೊಳ್ಳುವ ಅಲ್ಲಿನ ಸೀಲೆಂಟುಗಳು ಆ ಸಪಾಟು ಮಾಡಿಗೆಂದೇ ತಯಾರಾದವು. ನಮ್ಮ ತಗಡಿನ ಬಾಡಿಗೆ ಹತ್ತಿರದ ಸಂಬಂಧಿ ಅಲ್ಲಿಯ ಏರ್‌ಸ್ಟ್ರೀಮ್ ಕಂಪನಿಯ ಟ್ರೇಲರ್. 1936ರಲ್ಲಿ ಬಂದ ಆ ಕಂಪನಿಯ ‘ಕ್ಲಿಪ್ಪರ್’ ಮಾದರಿ ಅಲ್ಯೂಮಿನಿಯಂ ತಗಡಿಗೆ ರಿವಿಟು ಹೊಡೆದು ಕಟ್ಟಿದ್ದು. ಅಲ್ಲಿಂದ ಕಲಿಯಬೇಕಾದದ್ದು ರಿವಿಟಿನ ಪಾಠ. ನಮ್ಮಲ್ಲಿ ಬೇಗ ಆಗುತ್ತದೆಂದು ಹೊಡೆಯುವ ಸಾಮಾನ್ಯ ಪಾಪ್ ರಿವಿಟು ಒಳಗೆ ಟೊಳ್ಳು. ನಡುವಿನ ಮೊಳೆತುಂಡು ಸಡಿಲಾಗಿ ಉದುರಿದರೆ ರಿವಿಟೇ ನೀರಿಳಿಯುವ ಕೊಳವೆ. ತುದಿ ಮುಚ್ಚಿದ ರಿವಿಟು ಬಳಸಿ, ಹೊಡೆಯುವ ಮುನ್ನ ಸೀಲೆಂಟಿನಲ್ಲಿ ಅದ್ದಿದರೆ ಈ ಕಾಟವೇ ಇಲ್ಲ.

ಸಾಮಾನಿಗಿಂತಲೂ ಹೆಚ್ಚು ಎಡವುವುದು ಸೋರಿಕೆಯ ಪತ್ತೆಯಲ್ಲಿ. ಸೋರಿಕೆಯನ್ನು ಸಾಬೀತು ಮಾಡುವುದು ಎಷ್ಟು ತಕರಾರಿನ ವಿಷಯ ಎಂಬುದನ್ನು 2024ರ ಮೇ ತಿಂಗಳಲ್ಲಿ ಧಾರವಾಡ ಕಂಡಿತು. ಸಾರಿಗೆ ಸಂಸ್ಥೆಯ ಬಸ್ಸಿನಲ್ಲಿ ಚಾಲಕ ಒಂದು ಕೈಯಲ್ಲಿ ಕೊಡೆ ಹಿಡಿದು ಓಡಿಸುತ್ತಿದ್ದ ವಿಡಿಯೊ ಊರೆಲ್ಲ ಹರಿದಾಡಿತು. ಬಸ್ಸು ಸೋರುತ್ತಿರಲಿಲ್ಲ, ತಮಾಷೆಗೆ ಮಾಡಿದ್ದು ಎಂದು ಸಂಸ್ಥೆ ಹೇಳಿ, ಚಾಲಕ ಮತ್ತು ನಿರ್ವಾಹಕಿಯನ್ನು ಅಮಾನತು ಮಾಡಿತು. ಕ್ಯಾರವಾನಿನಲ್ಲಿ ಇದರ ಉಲ್ಟಾ ನಡೆಯುತ್ತದೆ: ನೀರು ನಿಜವಾಗಿ ತೊಟ್ಟಿಕ್ಕುತ್ತದೆ, ತೂತು ಇರುವುದಿಲ್ಲ. ಒಂದು ಕಿಲೊ ಅಡುಗೆ ಅನಿಲ ಉರಿದರೆ ಒಂದೂವರೆ ಕಿಲೊಗೂ ಹೆಚ್ಚು ನೀರು ಆವಿಯಾಗಿ ಗಾಡಿಯೊಳಗೆ ಸೇರುತ್ತದೆ. ಮಲಗಿದವರ ಉಸಿರಿನ ತೇವವೂ ಸೇರಿ, ಊಟಿಯ ಚಳಿಗೆ ತಣ್ಣಗಾದ ಟಾಪಿನ ಒಳಮೈಗೆ ತಾಗಿ ಹನಿಗಟ್ಟುತ್ತದೆ. ಇದಕ್ಕೆ ಮದ್ದು ಕಿಟಕಿ ತೆರೆಯುವುದು, ಒಳಗೆ ಇನ್ಸುಲೇಷನ್ ಹಾಕುವುದು. ಸಿಲಿಕಾನ್ ಎಷ್ಟು ಹಚ್ಚಿದರೂ ಅದು ನಿಲ್ಲದು.

ನಿಜವಾದ ಸೋರಿಕೆಯಲ್ಲೂ ನೀರು ಬೀಳುವ ಜಾಗ ಬೇರೆ, ಒಳಬರುವ ಜಾಗ ಬೇರೆ. ಮುಂದಿನ ಗಾಳಿಕಿಂಡಿಯಲ್ಲಿ ಇಳಿದ ನೀರು ಚೌಕಟ್ಟಿನ ಕಮಾನು ಹಿಡಿದು ಹರಿದು ಹಿಂದಿನ ಹಾಸಿಗೆಯ ಮೇಲೆ ಬೀಳಬಹುದು. ಬಲ್ಲವರು ಪೈಪಿನ ನೀರನ್ನು ಕೆಳಗಿನ ಜಾಯಿಂಟಿನಿಂದ ಶುರುಮಾಡಿ, ಒಂದೊಂದರ ಮೇಲೂ ಕೆಲವು ನಿಮಿಷ ಬಿಟ್ಟು, ಮೇಲೇರುತ್ತ ಹೋಗುತ್ತಾರೆ. ಒಳಗೆ ಇನ್ನೊಬ್ಬ ಟಾರ್ಚ್ ಹಿಡಿದು ಕೂತಿರುತ್ತಾನೆ. ಇದಕ್ಕಿಂತ ಚುರುಕಾದ ದಾರಿ, ಕಿಟಕಿ ಬಾಗಿಲು ಮುಚ್ಚಿ ಬ್ಲೋವರಿನಿಂದ ಒಳಗೆ ಗಾಳಿ ತುಂಬಿ, ಟಾಪಿನ ಮೇಲೆ ಸೋಪಿನ ನೀರು ಸವರುವುದು. ಪಂಕ್ಚರ್ ಅಂಗಡಿಯವನು ಟ್ಯೂಬನ್ನು ನೀರಿನಲ್ಲಿ ಅದ್ದಿದಾಗ ಆಗುವಂತೆ, ತೂತಿದ್ದಲ್ಲೇ ಗುಳ್ಳೆ ಏಳುತ್ತದೆ.

ಇಷ್ಟು ಸುಲಭವಾದದ್ದನ್ನು ಮಾಡದಿರುವುದಕ್ಕೆ ಕೆಲಸಗಾರರ ಸೋಮಾರಿತನ ಕಾರಣವಲ್ಲ. ಗಿರಾಕಿ ಟ್ಯೂಬಿಗೆ ದುಡ್ಡು ಕೊಡುತ್ತಾನೆ, ಹಚ್ಚಿದ ಕೂಲಿ ಕೊಡುತ್ತಾನೆ. ಅರ್ಧ ದಿನ ಹುಡುಕಿದ್ದಕ್ಕೆ ಕೊಡಿ ಎಂದರೆ ಚೌಕಾಸಿ ಶುರು. ಜೊತೆಗೆ ಊರಿನ ಹವೆಯೂ ತಪ್ಪು ಮುಚ್ಚುತ್ತದೆ. ಪಶ್ಚಿಮಘಟ್ಟದ ಮಳೆನೆರಳಿನ ಕೊಯಮತ್ತೂರಿನಲ್ಲಿ ದೊಡ್ಡ ಮಳೆ ಬರುವುದು ಅಕ್ಟೋಬರ್, ನವೆಂಬರಿನ ಹಿಂಗಾರಿನಲ್ಲಿ. ಫೆಬ್ರವರಿಯಲ್ಲಿ ಮಾಡಿದ ಕೆಲಸಕ್ಕೆ ಎಂಟು ತಿಂಗಳು ಬಿಸಿಲೇ ಸರ್ಟಿಫಿಕೇಟ್. ಅದೇ ಗಾಡಿ ಜುಲೈನಲ್ಲಿ ವಾಲ್ಪಾರೈ ಹತ್ತಿರದ, ತಮಿಳುನಾಡಿನ ಅತಿ ಹೆಚ್ಚು ಮಳೆ ಬೀಳುವ ಜಾಗಗಳಲ್ಲೊಂದಾದ ಚಿನ್ನಕಲ್ಲಾರಿನ ಕಡೆ ಹೋದರೆ ಬಣ್ಣ ಬಯಲಾಗುತ್ತದೆ. ಅಷ್ಟರಲ್ಲಿ ಪ್ಲೈವುಡ್ ಉಬ್ಬಿ, ವೈರಿನ ಜಾಯಿಂಟಿಗೆ ತುಕ್ಕು ಹತ್ತಿ, ಸಾವಿರದ ಕೆಲಸ ಲಕ್ಷದ್ದಾಗಿರುತ್ತದೆ.

ತೀರ್ಪು ಇಷ್ಟೆ. ಹಳೆಯದರ ಮೇಲೆ ಸಿಲಿಕಾನ್ ಎಳೆಯುವ ಪದ್ಧತಿ ದಾರಿಯಲ್ಲಿ ಸಿಕ್ಕಿಕೊಂಡಾಗಿನ ತುರ್ತಿಗೂ ಲಾಯಕ್ಕಲ್ಲ. ಅದಕ್ಕೆ ಅಗಲವಾದ ಬ್ಯುಟೈಲ್ ಪಟ್ಟಿ ಅಂಟಿಸಿಕೊಂಡು ಊರು ಸೇರುವುದೇ ವಾಸಿ. ಚೌಕಟ್ಟು ಬಿಚ್ಚಿ, ಕೆರೆದು, ಅಡಿಗೆ ಬ್ಯುಟೈಲ್, ಅಂಚಿಗೆ ಪಿಯು, ಮೇಲೆ ಪೇಂಟ್ ಎಂಬ ಕ್ರಮಕ್ಕೆ ಎರಡು ಮೂರು ದಿನ ಹಿಡಿದರೂ ಘಾಟಿಗೆ ನಿಲ್ಲುವುದು ಅದೊಂದೇ. ಕ್ಯಾರವಾನ್ ಇಟ್ಟುಕೊಂಡವರು ವರ್ಕ್‌ಶಾಪಿಗೆ ಹೋದಾಗ ಯಾವ ಕಂಪನಿಯ ಟ್ಯೂಬು ಎಂದು ಕೇಳುವ ಮೊದಲು ಸೋಪಿನ ನೀರಿನ ಪರೀಕ್ಷೆ ಮಾಡಿಸಿ, ಹುಡುಕುವ ಕೂಲಿಯನ್ನು ಬೇರೆಯಾಗಿ ಕೊಡಿ. ಹಿಂಗಾರು ಮಳೆ ಮುಗಿಯುವವರೆಗೆ ಹೊಣೆ ಅವರದೇ ಎಂದು ಬಿಲ್ಲಿನಲ್ಲೇ ಬರೆಸಿಕೊಳ್ಳಿ.