ಹೋಬಳಿಯ ಲೆಕ್ಕ, ಫೋಲ್ಡರಿನ ಪಾಠ

ಭೂಮಿ ತಂತ್ರಾಂಶದಲ್ಲಿ ಪಹಣಿ ಹುಡುಕುವವರಿಗೆ ಈ ದಾರಿ ಬಾಯಿಪಾಠ: ತುಮಕೂರು ಜಿಲ್ಲೆ, ಕೊರಟಗೆರೆ ತಾಲ್ಲೂಕು, ಚನ್ನರಾಯನದುರ್ಗ ಹೋಬಳಿ, ಆಮೇಲೆ ಗ್ರಾಮ, ಸರ್ವೆ ನಂಬರು, ಹಿಸ್ಸಾ. ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದ್ದು ಈ ಕ್ರಮದಲ್ಲೇ. ಅಂದರೆ ಒಂದರೊಳಗೊಂದು ಫೋಲ್ಡರ್ ಇಡುವ ತರ್ಕ ಚನ್ನರಾಯನದುರ್ಗದ ರೈತನಿಗೆ ಹೊಸದೇನಲ್ಲ. ಆದರೂ ಹೊಸಬರಿಗೆ ಕಂಪ್ಯೂಟರ್ ಕಲಿಸುವವರು ಈ ತಿಳಿವಳಿಕೆಯನ್ನು ಮುಟ್ಟುವುದೇ ಇಲ್ಲ. ರೈಟ್ ಕ್ಲಿಕ್, ನ್ಯೂ, ಫೋಲ್ಡರ್ ಎಂದು ಒತ್ತಿಸಿ ಪಾಠ ಮುಗಿಸುತ್ತಾರೆ. ಯಾವುದನ್ನು ಎಲ್ಲಿಡಬೇಕು, ಏಕೆ ಎಂಬ ಮಾತೇ ಬರುವುದಿಲ್ಲ.

ಇದರ ಫಲವನ್ನು ಯಾವ ಹೋಬಳಿಯ ಜೆರಾಕ್ಸ್ ಅಂಗಡಿಯಲ್ಲಾದರೂ ನೋಡಬಹುದು. ಡೆಸ್ಕ್‌ಟಾಪ್ ತುಂಬ ‘ನ್ಯೂ ಫೋಲ್ಡರ್ (2)’, ‘ನ್ಯೂ ಫೋಲ್ಡರ್ (3)’. ಡೌನ್‌ಲೋಡ್ಸ್‌ನಲ್ಲಿ ಒಂದೇ ಹೆಸರಿನ ಪಿಡಿಎಫ್‌ಗಳ ಸಾಲು. ‘ಹೋದ ಸಲ ಕೊಟ್ಟಿದ್ನಲ್ಲ, ಅದ್ನೇ ತೆಗೀರಿ’ ಅಂದರೆ ಹುಡುಕುವುದಕ್ಕಿಂತ ಇನ್ನೊಮ್ಮೆ ಸ್ಕ್ಯಾನ್ ಮಾಡುವುದೇ ಸಲೀಸು.

ಹಾಗೆಂದು ಕಂದಾಯದ ಕ್ರಮವನ್ನು ಹಾಗೇ ಮನೆಗೆ ತರುವುದೂ ಸರಿಹೋಗದು. ಜಮೀನು ಒಂದೇ ಗ್ರಾಮದಲ್ಲಿರುತ್ತದೆ. ಆದರೆ ಮಗಳ ಜಾತಿ-ಆದಾಯ ಪ್ರಮಾಣಪತ್ರ ಕಾಲೇಜಿಗೂ ಬೇಕು, ಹಾಸ್ಟೆಲ್‌ಗೂ ಬೇಕು, ವಿದ್ಯಾರ್ಥಿವೇತನಕ್ಕೂ ಬೇಕು. ಮೂರು ಫೋಲ್ಡರಿನಲ್ಲಿ ಮೂರು ಪ್ರತಿ ಇಟ್ಟರೆ, ಹೊಸದು ಬಂದಾಗ ಒಂದು ಕಡೆ ಬದಲಾಗುತ್ತದೆ, ಎರಡು ಕಡೆ ಹಳೆಯ ಪ್ರಮಾಣಪತ್ರದ ಆರ್‌ಡಿ ನಂಬರೇ ಉಳಿಯುತ್ತದೆ. ಆದ್ದರಿಂದ ಕಾಗದವನ್ನು ಅದು ಯಾರದ್ದೋ ಅವರ ಹೆಸರಿನ ಫೋಲ್ಡರಿನಲ್ಲಿ ಒಂದೇ ಕಡೆ ಇಡಬೇಕು. ಮನೆಗೆ ಎರಡು-ಮೂರು ಮಟ್ಟ ಸಾಕು: ವ್ಯಕ್ತಿ, ವಿಷಯ, ಕಡತ. ಅದಕ್ಕಿಂತ ಆಳಕ್ಕಿಳಿದರೆ ಇಟ್ಟವರೇ ದಾರಿ ತಪ್ಪುತ್ತಾರೆ.

ಮಿಕ್ಕ ಭಾರವೆಲ್ಲ ಕಡತದ ಹೆಸರಿನ ಮೇಲೆ. ಹೊಸಬರು ಎಡವುವುದೂ ಇಲ್ಲೇ. ಸರ್ವೆ ನಂಬರನ್ನು ಪಹಣಿಯಲ್ಲಿರುವಂತೆ 45/2 ಎಂದು ಟೈಪಿಸಿದರೆ ವಿಂಡೋಸ್ ಒಪ್ಪುವುದಿಲ್ಲ. ಓರೆಗೆರೆ ಅಲ್ಲಿ ನಿಷಿದ್ಧ. 45-2 ಎಂದೇ ಬರೆಯಬೇಕು. ದಿನಾಂಕವನ್ನು ನಮ್ಮ ರೂಢಿಯಂತೆ 18-06-2024 ಎಂದು ಶುರುಮಾಡಿದರೆ ಬೇರೆ ಬೇರೆ ವರ್ಷದವು ಕಲಸಿಹೋಗುತ್ತವೆ. 2024-06-18 ಎಂದರೆ ತಾವಾಗಿಯೇ ಕಾಲಕ್ರಮದಲ್ಲಿ ನಿಲ್ಲುತ್ತವೆ. ನುಡಿ ತಂತ್ರಾಂಶದ ಹಳೆಯ ಫಾಂಟ್ ಕ್ರಮದಲ್ಲಿ ಹೆಸರು ಹೊಡೆದರೆ ಅರ್ಥವಿಲ್ಲದ ಅಕ್ಷರಗಳು ಮೂಡುತ್ತವೆ. ಯೂನಿಕೋಡ್‌ನಲ್ಲಿ ಬರೆದರೆ ‘ಪಹಣಿ’ ಪಹಣಿಯಾಗಿಯೇ ಕಾಣುತ್ತದೆ, ಹುಡುಕಿದರೆ ಸಿಗುತ್ತದೆ. ಅರ್ಧ ಗಂಟೆಯಲ್ಲಿ ಕಲಿಸಬಹುದಾದ ಈ ಮೂರು ಸಂಗತಿಗಳು, ಹತ್ತು ಶಾರ್ಟ್‌ಕಟ್ ಕೀಗಳಿಗಿಂತ ಹೆಚ್ಚು ಕಾಲ ಕೆಲಸಕ್ಕೆ ಬರುತ್ತವೆ.

ಹೆಸರು ಹಾಕಿದರೆ ಸರ್ಚ್ ಹುಡುಕಿಕೊಡುತ್ತದೆ, ಫೋಲ್ಡರ್ ಯಾಕೆ ಎನ್ನುವವರೂ ಇದ್ದಾರೆ. ಹುಡುಕುವ ಮಟ್ಟಿಗೆ ಅದು ನಿಜ. ಆದರೆ ಏನೇನು ಇದೆ, ಏನು ಇಲ್ಲ ಎಂಬುದನ್ನು ಸರ್ಚ್ ಹೇಳುವುದಿಲ್ಲ. ಅಪ್ಪನ ಫೋಲ್ಡರ್ ತೆರೆದಾಗ ಪಹಣಿ ಇದೆ, ನಕ್ಷೆ ಇಲ್ಲ ಎಂದು ತಟ್ಟನೆ ಕಾಣುವುದು ವಿಂಗಡಣೆಯಿಂದ ಮಾತ್ರ. ಪೆನ್‌ಡ್ರೈವ್‌ಗೆ ನಕಲು ತೆಗೆಯುವಾಗಲೂ ಯಾವುದನ್ನು ಒಯ್ಯಬೇಕೆಂಬ ಗೊಂದಲವಿರದು.

ಪಾಠದಲ್ಲಿ ಪೂರ್ತಿ ಬಿಟ್ಟುಹೋಗಿರುವುದು ಅಳಿಸುವ ವಿದ್ಯೆ. ಗಿರಾಕಿಗಳ ಆಧಾರ್, ಪಾಸ್‌ಬುಕ್ ಚಿತ್ರಗಳು ಅಂಗಡಿಯ ಕಂಪ್ಯೂಟರಿನಲ್ಲಿ ವರ್ಷಗಟ್ಟಲೆ ಉಳಿಯಲು ದುರುದ್ದೇಶವೇ ಬೇಕಿಲ್ಲ, ಅವ್ಯವಸ್ಥೆಯೊಂದೇ ಸಾಕು. ಆಯಾ ದಿನದ ಕೆಲಸಕ್ಕೊಂದು ಫೋಲ್ಡರ್ ಮಾಡಿ, ಸಂಜೆ ಅದನ್ನು ರೀಸೈಕಲ್ ಬಿನ್‌ನಿಂದಲೂ ಅಳಿಸುವುದನ್ನು ಕಲಿಸಿದರೆ ಗಿರಾಕಿಗೂ ಕ್ಷೇಮ, ಅಂಗಡಿಯವರಿಗೂ ನಿರಾಳ. ಅದನ್ನು ಕಲಿಸುವ ತನಕ ನಮ್ಮ ಕಂಪ್ಯೂಟರ್ ಶಿಕ್ಷಣಕ್ಕೆ ಪಾಸಿನ ಅಂಕ ಕೊಡುವುದು ಕಷ್ಟ.