ಕುರಕುಂಭದಲ್ಲಿ ‘ಶಿಕಾರಿ’

ಕಾರ್ಖಾನೆಯ ಗೇಟಿನಲ್ಲಿ ಮೊಬೈಲ್ ಕೊಟ್ಟು ಒಳಗೆ ಹೋಗಬೇಕು. ದ್ರಾವಕಗಳ ಆವಿ ಇರುವ ಜಾಗ, ಎಲ್ಲಿಂದಲೂ ಕಿಡಿ ಹಾರಬಾರದು. ಬೆಂಕಿಪೊಟ್ಟಣ, ಲೈಟರ್, ಮೊಬೈಲ್ ಎಲ್ಲವೂ ಗೇಟಿನ ಗೂಡಿನಲ್ಲಿ. ಪುಸ್ತಕದ ಬಗ್ಗೆ ಮಾತ್ರ ಯಾವ ನಿಯಮವೂ ಇಲ್ಲ. ಹಾಗಾಗಿ ಮೊದಲ ದಿನ ನನ್ನ ಬ್ಯಾಗಿನಿಂದ ದಪ್ಪನೆಯ ಪುಸ್ತಕವೊಂದು ಹೊರಬಂದಾಗ ಸೆಕ್ಯುರಿಟಿಯವರಿಗೆ ಏನು ಮಾಡಬೇಕೆಂದು ತೋಚಲಿಲ್ಲ. ತಿರುಗಿಸಿ ಮುರುಗಿಸಿ ನೋಡಿ ಹೆಸರೇನು ಎಂದು ಕೇಳಿದರು. ‘ಶಿಕಾರಿ’ ಎಂದೆ. ಮರಾಠಿಯಲ್ಲೂ ಅದೇ ಶಬ್ದ. ಮುಖ ಅರಳಿತು. ‘ವಾಘಾಚೀ ಗೋಷ್ಟ ಆಹೇ ಕಾ?’ ಎಂದರು. ಹುಲಿಯ ಕತೆಯಾ ಅಂತ. ಹೌದು, ಆದರೆ ಇದರಲ್ಲಿ ಹುಲಿ ಕಾಣಿಸುವುದಿಲ್ಲ ಎಂದೆ. ನಕ್ಕು ಒಳಗೆ ಬಿಟ್ಟರು.

ಪುಣೆಯ ಐಟಿ ಗೆಳೆಯರಲ್ಲಿ ಎಷ್ಟು ಮಂದಿಗೆ ಕುರಕುಂಭ ಗೊತ್ತೋ ಕಾಣೆ. ಸೋಲಾಪುರ ರಸ್ತೆಯಲ್ಲಿ ಎರಡು ಗಂಟೆಯ ದಾರಿ, ದೌಂಡ್ ಜಂಕ್ಷನ್ನಿಗೆ ಹತ್ತಿರ. ಗುಡ್ಡದ ಮೇಲೆ ಫಿರಂಗಾಯಿ ದೇವಿ, ಕೆಳಗೆ ಎಂಐಡಿಸಿಯ ರಾಸಾಯನಿಕ ಕಾರ್ಖಾನೆಗಳು, ಸುತ್ತ ಕಬ್ಬು. ಒಂದು ಕಾರ್ಖಾನೆಯ ಬ್ಯಾಚ್ ರೆಕಾರ್ಡುಗಳನ್ನು ಕಾಗದದಿಂದ ಕಂಪ್ಯೂಟರಿಗೆ ತರುವ ಪ್ರಾಜೆಕ್ಟು ನನ್ನದು. ಐದು ತಿಂಗಳಿಂದ ವಾರದಲ್ಲಿ ನಾಲ್ಕು ದಿನ ಇಲ್ಲೇ ಗೆಸ್ಟ್‌ಹೌಸಿನಲ್ಲಿ ವಾಸ. ಸಂಜೆ ಏಳರ ಮೇಲೆ ಕಬ್ಬಿನ ಟ್ರ್ಯಾಕ್ಟರುಗಳ ಹಾಡು ಕೇಳುವುದು ಬಿಟ್ಟರೆ ಬೇರೆ ಕೆಲಸವಿಲ್ಲ. ಕಾಲೇಜು ಬಿಟ್ಟ ಮೇಲೆ ಇಷ್ಟು ಕನ್ನಡ ಓದಿದ್ದು ಇದೇ ಮೊದಲು. ನಾನು ವಿಮರ್ಶಕನಲ್ಲ. ಇವು ಒಬ್ಬ ಓದುಗನ ಅಭಿಪ್ರಾಯಗಳು, ಒಪ್ಪದವರು ಜಗಳಕ್ಕೆ ಬರಬಹುದು.

ಯಶವಂತ ಚಿತ್ತಾಲರ ‘ಶಿಕಾರಿ’ ಪ್ರಕಟವಾದದ್ದು 1979ರಲ್ಲಿ. ನಾನು ಮೊದಲು ಓದಿದ್ದು ಸುರತ್ಕಲ್ಲಿನಲ್ಲಿ ಎಂಟೆಕ್ ಮಾಡುವಾಗ, ಕುಮಟಾ ಕಡೆಯ ರೂಮ್‌ಮೇಟಿನ ಪ್ರತಿಯಲ್ಲಿ. ಮುಂಬಯಿಯ ಕೆಮಿಕಲ್ ಕಂಪನಿಯೊಂದರಲ್ಲಿ ದೊಡ್ಡ ಹುದ್ದೆಯಲ್ಲಿರುವ ನಾಗಪ್ಪ, ತಾನು ಮಾಡಿದ ತಪ್ಪೇನೆಂದು ಗೊತ್ತಾಗದೆಯೇ ಕೆಲಸದಿಂದ ದೂರ ಇಡಲ್ಪಡುತ್ತಾನೆ. ವಿಚಾರಣೆ ಎನ್ನುತ್ತಾರೆ, ಆರೋಪ ಹೇಳುವುದಿಲ್ಲ. ಫೋನಿನಲ್ಲಿ ಮಾತಾಡಿದವರ ದನಿಯಲ್ಲಿ, ಲಿಫ್ಟಿನಲ್ಲಿ ಸಿಕ್ಕವರ ನಗುವಿನಲ್ಲಿ ಅವನು ಅರ್ಥ ಹುಡುಕತೊಡಗುತ್ತಾನೆ. ಆಗ ನನಗೆ ಇಪ್ಪತ್ತಮೂರೋ ಇಪ್ಪತ್ತನಾಲ್ಕೋ. ಎಲ್ಲ ಹುಡುಗರ ಹಾಗೆ ನಾನೂ ನಾಗಪ್ಪನೇ ಆಗಿದ್ದೆ. ಜಗತ್ತು ಬೇಟೆಗಾರ, ನಾನು ಮಿಗ. ಆ ವಯಸ್ಸಿಗೆ ಅದು ಬಹಳ ಹಿತವಾದ ಓದು.

ಈ ಸಲ ಆ ಹಿತ ಸಿಗಲಿಲ್ಲ. ಕಾರಣ ಹೇಳಬೇಕಾದರೆ ನನ್ನ ಕೆಲಸದ ಬಗ್ಗೆ ಎರಡು ಮಾತು ಹೇಳಬೇಕು.

ಔಷಧಿಯ ಕಚ್ಚಾವಸ್ತು ಮಾಡುವ ಕಡೆ ಏನೇ ಹೆಚ್ಚುಕಡಿಮೆಯಾದರೂ ಬರೆದಿಡಬೇಕು. ಉಷ್ಣತೆ ಎರಡು ಡಿಗ್ರಿ ಏರಿತು, ವಾಲ್ವ್ ತೆರೆಯುವುದು ಹತ್ತು ನಿಮಿಷ ತಡವಾಯಿತು, ಹೀಗೆ. ಅದಕ್ಕೆ ‘ಡಿವಿಯೇಷನ್’ ಎನ್ನುತ್ತಾರೆ. ಆಮೇಲೆ ಅದರ ಮೂಲಕಾರಣ ಹುಡುಕಬೇಕು. ಯಾಕೆ ಹೀಗಾಯಿತು, ಅದು ಯಾಕೆ ಆಯಿತು, ಮತ್ತೆ ಅದು ಯಾಕೆ ಎಂದು ಐದು ಸಲ ಕೇಳುವುದು ರೂಢಿ. ನಾವು ಮಾಡಿಕೊಟ್ಟ ಪರದೆಯಲ್ಲಿ ಕಾರಣಗಳ ಒಂದು ಪಟ್ಟಿ ಇದೆ: ಯಂತ್ರ, ಕಚ್ಚಾವಸ್ತು, ವಿಧಾನ, ‘ಹ್ಯೂಮನ್ ಎರರ್’. ಕೊನೆಯದನ್ನು ಆರಿಸಿದರೆ ಕೆಳಗೆ ಇನ್ನೊಂದು ಖಾನೆ ತೆರೆದುಕೊಳ್ಳುತ್ತದೆ. ನೌಕರನ ಸಂಖ್ಯೆ. ಅದನ್ನು ತುಂಬದೆ ಮುಂದೆ ಹೋಗಲು ಬಿಡುವುದಿಲ್ಲ. ಆ ಖಾನೆಯನ್ನು ಕಡ್ಡಾಯ ಮಾಡಿದವನು ನಾನೇ. ಮೀಟಿಂಗಿನಲ್ಲಿ ಯಾರೋ ಕೇಳಿದರು, ನಾನು ಒಪ್ಪಿದೆ. ಎರಡು ನಿಮಿಷದ ಕೆಲಸ.

ಪರೀಕ್ಷೆಯ ಹಂತದಲ್ಲಿ ಹಳೆಯ ರೆಕಾರ್ಡುಗಳನ್ನು ತುಂಬಿಸಿ ನೋಡುತ್ತಿದ್ದೆವು. ನನ್ನ ಪಕ್ಕದಲ್ಲಿ ಕುಳಿತಿದ್ದ ಆಪರೇಟರ್ ಹುಡುಗ ಅಕ್ಕಲಕೋಟೆ ಕಡೆಯವನು. ಮನೆಮಾತು ಕನ್ನಡ, ಓದಿದ್ದೆಲ್ಲ ಮರಾಠಿ. ‘ಮನ್ಯಾಗ ಕನ್ನಡಾನ ಮಾತಾಡ್ತೀವ್ರಿ ಸರ, ಓದಾಕ ಬರಂಗಿಲ್ಲ’ ಎನ್ನುತ್ತಿದ್ದ. ಪರದೆಯ ಮೇಲೆ ಬಂದದ್ದು ಅವನದೇ ಪಾಳಿಯ ಒಂದು ಬ್ಯಾಚು. ಅವತ್ತು ತಂಪುನೀರಿನ ಪಂಪು ಎರಡು ಸಲ ನಿಂತಿತ್ತಂತೆ, ಜೊತೆಗಾರ ರಜೆಯಲ್ಲಿದ್ದನಂತೆ. ಕಾಗದದಲ್ಲಿ ಅವೆಲ್ಲ ಬಾಲ್‌ಪೆನ್ನಿನಲ್ಲಿ ಅಂಚಿಗೆ ಗೀಚಿದ್ದವು. ನಮ್ಮ ಪರದೆಯಲ್ಲಿ ಅಂಚೇ ಇಲ್ಲ. ಅವನು ಸ್ವಲ್ಪ ಹೊತ್ತು ನೋಡಿ, ‘ಸರ, ಈ ನಂಬರ ಖಾಲಿ ಬಿಡಾಕ ಬರಂಗಿಲ್ಲೇನ್ರಿ?’ ಎಂದ. ಬರುವುದಿಲ್ಲ ಎಂದೆ.

ಅವತ್ತು ರಾತ್ರಿ ‘ಶಿಕಾರಿ’ ಮುಂದುವರಿಸಿದಾಗ ನಾಗಪ್ಪನ ಜೊತೆ ನಿಲ್ಲಲು ನನಗೆ ಜಾಗ ಸಿಗಲಿಲ್ಲ. ಮೇಜಿನ ಆಚೆ ಬದಿಯಲ್ಲಿ ಇದ್ದೆ. ಎರಡು ವರ್ಷದ ಹಿಂದೆ ಇನ್ನೊಂದು ಕಂಪನಿಯಲ್ಲಿ ನನ್ನ ತಂಡದಿಂದ ಮೂರು ಹೆಸರು ಕೊಡು ಎಂದಿದ್ದರು, ಶುಕ್ರವಾರದೊಳಗೆ. ಬುಧವಾರವೇ ಕೊಟ್ಟಿದ್ದೆ. ಯಾಕೆಂದು ಅವರು ಕೇಳಿದಾಗ ನಾನು ಹೇಳಿದ ಉತ್ತರವೂ ಚಿತ್ತಾಲರ ಅಧಿಕಾರಿಗಳ ಉತ್ತರದ ಹಾಗೇ ಇತ್ತು: ಸೌಜನ್ಯದಿಂದ ತುಂಬಿದ್ದು, ಏನನ್ನೂ ಹೇಳದೆ ಇದ್ದದ್ದು.

ಚಿತ್ತಾಲರ ಹೆಚ್ಚುಗಾರಿಕೆ ಇಲ್ಲೇ ಇದೆ ಎಂದು ಈಗ ಅನ್ನಿಸುತ್ತದೆ. ಅವರು ಸ್ವತಃ ಪಾಲಿಮರ್ ತಂತ್ರಜ್ಞ, ಮುಂಬಯಿಯಲ್ಲಿ ಆ ಉದ್ಯಮದಲ್ಲೇ ದುಡಿದವರು. ಕಾರ್ಖಾನೆಯ ಅವಘಡಕ್ಕೆ ಒಬ್ಬ ಮನುಷ್ಯ ಬೇಕಾಗುತ್ತಾನೆ, ಯಂತ್ರ ಸಾಕಾಗುವುದಿಲ್ಲ ಎಂಬುದು ಅವರಿಗೆ ಒಳಗಿನಿಂದ ಗೊತ್ತು. ಕಾಫ್ಕಾನ ‘ದಿ ಟ್ರಯಲ್’ ಜೊತೆ ಈ ಕಾದಂಬರಿಯನ್ನು ಹೋಲಿಸುವುದು ಹಳೆಯ ಅಭ್ಯಾಸ. ನನಗೆ ಅದು ಅರ್ಧ ಸರಿ. ಕಾಫ್ಕಾನಲ್ಲಿ ನ್ಯಾಯಾಲಯ ಎಲ್ಲಿದೆಯೆಂದೇ ತಿಳಿಯುವುದಿಲ್ಲ. ಚಿತ್ತಾಲರಲ್ಲಿ ಅದಕ್ಕೆ ಆಫೀಸಿದೆ, ಹುದ್ದೆಗಳಿವೆ, ಬಡ್ತಿಗೆ ಕಾದವರಿದ್ದಾರೆ. ಬೇಟೆಯಾಡುವವರೂ ಸಂಜೆ ಮನೆಗೆ ಹೋಗಿ ಊಟ ಮಾಡುವವರೇ. ನನಗೆ ಭಯವಾದದ್ದು ಅದರಿಂದ.

ಆದರೆ ಒಂದು ತಕರಾರೂ ಇದೆ. ಮುಂಬಯಿಯ ಆಫೀಸಿನ ಹಗೆಯ ಬೇರು ಹುಡುಕುತ್ತಾ ಕಾದಂಬರಿ ಉತ್ತರ ಕನ್ನಡದ ಹನೇಹಳ್ಳಿಗೆ, ನಾಗಪ್ಪನ ಬಾಲ್ಯಕ್ಕೆ ಹೋಗುತ್ತದೆ. ನಮ್ಮ ಕಾರ್ಖಾನೆಯವರು ಐದು ಸಲ ‘ಯಾಕೆ’ ಕೇಳಿದರೆ ಚಿತ್ತಾಲರು ಐವತ್ತು ಸಲ ಕೇಳುತ್ತಾರೆ. ಹನೇಹಳ್ಳಿ ಅವರ ಕಲ್ಪನೆಯ ತವರು, ಅಲ್ಲಿಗೆ ಹೋದಾಗ ಗದ್ಯದ ಉಸಿರೇ ಬದಲಾಗುತ್ತದೆ, ನಿಜ. ಆದರೂ ಕಂಪನಿಯ ಕ್ರೌರ್ಯಕ್ಕೆ ಊರಿನ ಹಳೆಯ ಲೆಕ್ಕವೇ ಕಾರಣವೆಂದಾದರೆ, ಕಂಪನಿ ಸ್ವಲ್ಪ ಪಾರಾದಂತೆ ಅಲ್ಲವೇ? ನಾನು ಕೊಟ್ಟ ಮೂರು ಹೆಸರಿನವರ ಮೇಲೆ ನನಗೆ ಯಾವ ಹಗೆಯೂ ಇರಲಿಲ್ಲ. ಒಬ್ಬನ ಮಗಳ ಹುಟ್ಟುಹಬ್ಬಕ್ಕೆ ಹೋಗಿ ಊಟ ಮಾಡಿ ಬಂದಿದ್ದೆ. ಇನ್ನು ಈ ಕಾದಂಬರಿಯ ಹೆಂಗಸರು ಬಹುಮಟ್ಟಿಗೆ ನಾಗಪ್ಪನ ಅನುಮಾನ ಮತ್ತು ಆಸೆಗಳ ಮೂಲಕವೇ ಕಾಣಿಸುತ್ತಾರೆ. ಇಪ್ಪತ್ತನಾಲ್ಕರಲ್ಲಿ ಅದು ನನ್ನ ಗಮನಕ್ಕೇ ಬಂದಿರಲಿಲ್ಲ.

‘ಶಿಕಾರಿ’ಯ ನಂತರ ವಿವೇಕ ಶಾನಭಾಗರನ್ನು ಹಿಡಿದೆ. ‘ಘಾಚರ್ ಘೋಚರ್’ ಎರಡನೆಯ ಓದು, ‘ಸಕೀನಾಳ ಮುತ್ತು’ ಮೊದಲನೆಯದು. ಮೊದಲನೆಯದರ ಬಗ್ಗೆ ನಮ್ಮವರೆಲ್ಲ ಸಾಕಷ್ಟು ಬರೆದಿದ್ದಾರೆ. ಈ ಸಲ ನನ್ನನ್ನು ಹಿಡಿದದ್ದು ಅದರ ನಿರೂಪಕನಿಗೆ ಕೆಲಸವೇ ಇಲ್ಲ ಎಂಬುದು. ಮಸಾಲೆ ವ್ಯಾಪಾರ ಚಿಕ್ಕಪ್ಪನದು, ಇವನು ಹೆಸರಿಗೆ ಮಾತ್ರ ಅದರ ನಿರ್ದೇಶಕ, ಹಗಲೆಲ್ಲ ಕಾಫಿಹೌಸಿನಲ್ಲಿ. ದುಡ್ಡು ಎಲ್ಲಿಂದ ಬರುತ್ತದೆ, ಅದಕ್ಕಾಗಿ ಚಿಕ್ಕಪ್ಪ ಏನೇನು ಮಾಡುತ್ತಾನೆ ಎಂದು ಮನೆಯಲ್ಲಿ ಯಾರೂ ಕೇಳುವುದಿಲ್ಲ. ಕೇಳುವವಳು ಹೊರಗಿನಿಂದ ಬಂದ ಸೊಸೆ. ಚಿತ್ತಾಲರು ಆಫೀಸಿನೊಳಗೆ ಕೂತು ಬರೆದದ್ದನ್ನು ಶಾನಭಾಗರು ಊಟದ ಮೇಜಿಗೆ ತಂದಿದ್ದಾರೆ. ನೂರು ಚಿಲ್ಲರೆ ಪುಟ, ಒಂದು ಮಾತೂ ಹೆಚ್ಚಿಲ್ಲ.

‘ಸಕೀನಾಳ ಮುತ್ತು’ (2021) ನನಗೆ ಅಷ್ಟು ಸಲೀಸಾಗಿ ಒಗ್ಗಲಿಲ್ಲ, ಆದರೂ ಹೆಚ್ಚು ಕಾಡಿತು. ವೆಂಕಟ ಬೆಂಗಳೂರಿನ ಎಂಜಿನಿಯರ್, ಸ್ವ-ಸಹಾಯದ ಪುಸ್ತಕಗಳನ್ನು ನಂಬಿ ಮೇಲೆ ಬಂದವನು. ಮಗಳನ್ನು ಹುಡುಕಿಕೊಂಡು ಅಪರಿಚಿತ ಹುಡುಗರು ಬಾಗಿಲಿಗೆ ಬರುತ್ತಾರೆ, ಅಲ್ಲಿಂದ ಅವನ ನೆಲ ಅಲುಗತೊಡಗುತ್ತದೆ. ತಾನು ಉದಾರಿ, ಮನೆಯಲ್ಲಿ ಎಲ್ಲರೂ ಸಮಾನರು ಎಂದು ನಂಬಿದವನಿಗೆ ಹೆಂಡತಿ ಮಗಳು ಇಬ್ಬರೂ ತನಗೆ ಗೊತ್ತಿಲ್ಲದವರಾಗಿ ಕಾಣುತ್ತಾರೆ. ನನ್ನ ಹೆಂಡತಿ ಇದನ್ನು ನನಗಿಂತ ಮೊದಲೇ ಓದಿ, ‘ನೀವು ಓದ್ಲೇಬೇಕು’ ಎಂದಿದ್ದಳು. ಆ ‘ಲೇಬೇಕು’ವಿನ ಅರ್ಥ ಐವತ್ತನೆಯ ಪುಟದ ಹೊತ್ತಿಗೆ ತಿಳಿಯಿತು. ನನ್ನ ದೂರು ಒಂದೇ. ವೆಂಕಟನ ಮನೆ ನನಗೆ ಕಂಡಷ್ಟು ಅವನ ಆಫೀಸು ಕಾಣಲಿಲ್ಲ. ದಿನಕ್ಕೆ ಹತ್ತು ಗಂಟೆ ಆ ಆಫೀಸಿನಲ್ಲಿ ಇರುವವನು ಅಲ್ಲಿ ಏನಾಗುತ್ತಾನೆ, ಮನೆಗೆ ಬರುವಾಗ ಏನನ್ನು ಹೊತ್ತು ತರುತ್ತಾನೆ?

ಇದು ಶಾನಭಾಗರೊಬ್ಬರ ಮೇಲಿನ ದೂರಲ್ಲ. ಕರ್ನಾಟಕದ ಇಷ್ಟೊಂದು ಜನ ಐಟಿಯಲ್ಲಿ ಬದುಕು ಸವೆಸುತ್ತಿದ್ದೇವೆ, ನಮ್ಮ ಕೆಲಸದ ಒಳಗಿನ ಪಾಪಪುಣ್ಯದ ಕತೆಗಳು ಮಾತ್ರ ಬಹಳ ಕಡಿಮೆ. ನಾನು ಓದಿದ ಸಾಫ್ಟ್‌ವೇರ್ ಕತೆಗಳಲ್ಲಿ ಹೆಚ್ಚಿನವು ಒಂದೇ ದಾರಿ ಹಿಡಿಯುತ್ತವೆ. ಟ್ರಾಫಿಕ್, ಡೆಡ್‌ಲೈನ್, ಅಮೆರಿಕದಿಂದ ಫೋನು, ಕೊನೆಗೆ ರಾಜೀನಾಮೆ ಕೊಟ್ಟು ಊರಿಗೆ ಹೋಗಿ ಅಡಿಕೆ ತೋಟ. (ತೋಟ ಇಲ್ಲದವರು ಏನು ಮಾಡಬೇಕೋ?) ಮೂರು ಹೆಸರು ಕೊಟ್ಟ ಬುಧವಾರದ ಕತೆ ನನಗೆ ಎಲ್ಲೂ ಸಿಕ್ಕಿಲ್ಲ. ನಾವೇ ಬರೆಯಬೇಕಾದದ್ದು, ನಾವು ಬರೆಯುವುದಿಲ್ಲ. ತಾನೇ ಮಿಗ ಎಂದು ಬರೆದುಕೊಳ್ಳುವುದು ಸುಲಭ.

ಜಯಂತ ಕಾಯ್ಕಿಣಿಯವರೂ ಗೋಕರ್ಣದಿಂದ ಮುಂಬಯಿಗೆ ಹೋಗಿ ಔಷಧಿ ಕಂಪನಿಯಲ್ಲಿ ದುಡಿದವರು. ಇಲ್ಲಿನ ವಾಸನೆ ಅವರಿಗೆ ಗೊತ್ತಿರುತ್ತದೆ. ಅವರ ಕಣ್ಣು ಮಾತ್ರ ಗೇಟಿನ ಹೊರಗಿನವರ ಮೇಲೆ. ಚಿತ್ರಮಂದಿರ ಗುಡಿಸುವವನಿಗೆ ಸೀಟಿನ ಕೆಳಗೆ ಸಿಕ್ಕ ಥರ್ಮಾಸ್ ಫ್ಲಾಸ್ಕ್, ಮದುವೆಯ ಕುದುರೆ ಮದುಮಗನನ್ನು ಹೊತ್ತು ಓಡಿಬಿಡುವ ದಗಡೂ ಪರಬ. ಅವರ ಕರುಣೆ ದೊಡ್ಡದು. ಒಟ್ಟೊಟ್ಟಿಗೆ ಐದಾರು ಕತೆ ಓದಿದರೆ ಮಾತ್ರ ಎಲ್ಲರೂ ಒಳ್ಳೆಯವರೇ ಎನ್ನಿಸಿ ಒಂದಿಷ್ಟು ಉಪ್ಪು ಬೇಕೆನಿಸುತ್ತದೆ. ದಿನಕ್ಕೊಂದು ಓದಬೇಕು.

ಬಾನು ಮುಷ್ತಾಕ್ ಅವರನ್ನು 2025ರ ಇಂಟರ್‌ನ್ಯಾಷನಲ್ ಬೂಕರ್ ಬಂದ ಮೇಲೆ ಓದಿದೆ ಎನ್ನಲು ನಾಚಿಕೆಯಾಗುತ್ತದೆ. ದೀಪಾ ಭಾಸ್ತಿಯವರ ಇಂಗ್ಲಿಷ್ ಪುಸ್ತಕವನ್ನು ಇಲ್ಲಿನ ಮರಾಠಿ ಸಹೋದ್ಯೋಗಿಯೊಬ್ಬರು ನನಗಿಂತ ಮೊದಲೇ ಓದಿ ಮುಗಿಸಿದ್ದರು, ಅದೂ ನಾಚಿಕೆಯೇ. ‘ಎದೆಯ ಹಣತೆ’ಯಲ್ಲಿ ಗಂಡ ಇನ್ನೊಬ್ಬಳ ಹಿಂದೆ ಹೋದನೆಂದು ತವರಿಗೆ ಬಂದ ಮೆಹರುನ್‌ಳನ್ನು ಅಣ್ಣತಮ್ಮಂದಿರು ಕೂರಿಸಿಕೊಂಡು ಕೇಳುವ ಪ್ರಶ್ನೆಗಳಿವೆಯಲ್ಲ, ಅದೂ ಒಂದು ವಿಚಾರಣೆ. ಮೂಲಕಾರಣ ಮೊದಲೇ ತೀರ್ಮಾನವಾಗಿದೆ, ತುಂಬಬೇಕಾದದ್ದು ಅವಳ ಹೆಸರು. ಎಲ್ಲರೂ ಕೈಬಿಟ್ಟ ಆ ರಾತ್ರಿ ಅವಳನ್ನು ತಡೆಯುವವಳು ಮಗಳು. ಲೇಖಕಿ ವಕೀಲೆ ಎಂಬುದು ಇಂಥ ಕಡೆ ಗೊತ್ತಾಗುತ್ತದೆ. ಕೆಲವು ಕತೆಗಳಲ್ಲಿ ವಾದ ಕತೆಗಿಂತ ಮುಂದೆ ಓಡುತ್ತದೆ ಎಂಬ ಅಸಮಾಧಾನ ನನಗೂ ಇದೆ. ಆದರೆ ನಾಗಪ್ಪನಿಗೆ ಅಷ್ಟು ದೊಡ್ಡ ಕಾದಂಬರಿಯ ತುಂಬ ಯೋಚಿಸುವ ಏಕಾಂತವಿತ್ತು, ಮೆಹರುನ್‌ಳಿಗೆ ಮೈಮೇಲೆ ಕೂಸು.

ಅಕ್ಕಲಕೋಟೆಯ ಹುಡುಗನಿಗೆ ಚಹದ ಹೊತ್ತಿನಲ್ಲಿ ‘ಶಿಕಾರಿ’ಯ ಕತೆ ಹೇಳಿದ್ದೆ. ಪೂರ್ತಿ ಕೇಳಿ, ‘ಹೆಸರ ಕೊಟ್ಟಾಂವ ಯಾರಂತ ಕಡೀಕರೆ ಗೊತ್ತಾಕ್ಕೈತೇನ್ರಿ?’ ಎಂದ. ನನಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ಮರುದಿನ ಆ ಖಾನೆಯನ್ನು ಐಚ್ಛಿಕ ಮಾಡಬೇಕು, ಪಾಳಿಯಲ್ಲಿ ಎಷ್ಟು ಜನ ಇದ್ದರು, ಯಾವ ಯಂತ್ರ ಕೆಟ್ಟಿತ್ತು ಎಂದು ಬರೆಯಲು ಜಾಗ ಕೊಡಬೇಕು ಎಂದು ಚೇಂಜ್ ರಿಕ್ವೆಸ್ಟ್ ಹಾಕಿದೆ. ಅದನ್ನು ಎರಡನೆಯ ಹಂತಕ್ಕೆ ತಳ್ಳಿದ್ದಾರೆ. ಎರಡನೆಯ ಹಂತಕ್ಕೆ ಇನ್ನೂ ಹಣ ಮಂಜೂರಾಗಿಲ್ಲ. ಪ್ರತಿ ಸೋಮವಾರದ ಮೀಟಿಂಗಿನಲ್ಲಿ ಎತ್ತುತ್ತೇನೆ, ಮುಂದಿನ ವಿಷಯಕ್ಕೆ ಹೋಗುತ್ತಾರೆ.

ಪುಣೆಯ ವಿರೂಪಾಕ್ಷ ಕುಲಕರ್ಣಿಯವರು ಕನ್ನಡ ಪುಸ್ತಕಗಳನ್ನು ಗಟ್ಟಿಯಾಗಿ ಓದಿ ಧ್ವನಿಮುದ್ರಿಸಿಕೊಟ್ಟು, ಅದನ್ನು ಕೇಳಿಕೊಂಡು ಉಮಾ ಕುಲಕರ್ಣಿಯವರು ಭೈರಪ್ಪನವರನ್ನು ಮರಾಠಿಗೆ ತಂದ ಕತೆ ನಮ್ಮಲ್ಲಿ ಅನೇಕರಿಗೆ ಗೊತ್ತು. ಅದು ನೆನಪಾಗಿ ಕಳೆದ ಶನಿವಾರ ‘ಶಿಕಾರಿ’ಯ ಮೊದಲ ಕೆಲವು ಪುಟಗಳನ್ನು ಮೊಬೈಲಿನಲ್ಲಿ ಓದಿ ಹುಡುಗನಿಗೆ ಕಳಿಸಿದೆ. ಭಾನುವಾರ ಊರಿಂದ ವಾಪಸು ಬರುವಾಗ ಅಕ್ಕಲಕೋಟ ರೋಡ್ ಸ್ಟೇಷನ್ನಿನಿಂದ ಅವನ ಉತ್ತರವೂ ದನಿಯಲ್ಲೇ ಬಂತು. ಹಿಂದೆ ರೈಲಿನ ಘೋಷಣೆ ಕೇಳುತ್ತಿತ್ತು. ‘ಸರ, ಈ ನಾಗಪ್ಪ ಭಾಳ ವಿಚಾರ ಮಾಡ್ತಾನ್ರಿ. ಮುಂದಿಂದು ಕಳಸ್ರಿ. ಒಂದೀಟು ಸಾವಕಾಶ ಓದ್ರಿ.’